ತೊಡೆಗೆ ಪೆಟ್ಟು ಬಿದ್ದು ನಾಲ್ಕು ವಾರಕ್ಕೆ ಗಟ್ಟಿ ಗಡ್ಡೆ: ಮಯೋಸೈಟಿಸ್ ಆಸಿಫಿಕನ್ಸ್ (ಸ್ನಾಯುವಿನೊಳಗೆ ಎಲುಬು ಕಟ್ಟುವುದು) ಎಂದು ಖಚಿತ ಮಾಡುವುದು ಹೇಗೆ? ಈಗಲೇ ಬಯಾಪ್ಸಿ ಬೇಕಾ?

ಉಡುಪಿ_ಫಿಸಿಯೋ

16 ವರ್ಷದ ಹುಡುಗ, ಕಬಡ್ಡಿ ರೈಡರ್. ಹೊನಲು ಬೆಳಕಿನ ಪಂದ್ಯಾಟವೊಂದರಲ್ಲಿ ಎದುರಾಳಿಯ ಮೊಣಕಾಲು ಎಡ ತೊಡೆಯ ಮುಂಭಾಗಕ್ಕೆ ಜೋರಾಗಿ ಬಡಿದಿದೆ. ನಾಲ್ಕು ವಾರ ಕಳೆಯಿತು. ಪೆಟ್ಟು ಬಿದ್ದ ಮೇಲೂ ಸ್ಪ್ರೇ ಹೊಡೆದು ಇನ್ನೊಂದು ಮ್ಯಾಚ್ ಆಡಿಸಿದ್ದಾರೆ. ಮರುದಿನ ತೊಡೆ ಊದಿ ಕಾಲು ಬಗ್ಗಿಸಲು ಆಗದಾಗ ಮನೆಯಲ್ಲಿ ಮುರಿವೆಣ್ಣೆ ಹಚ್ಚಿ ತಿಕ್ಕಿ, ಬಿಸಿನೀರಿನ ಶಾಖ ಕೊಟ್ಟಿದ್ದಾರೆ. ಒಂದು ವಾರ ಅದೇ ನಡೆದಿದೆ.

ಈಗ ತೊಡೆಯ ನಡುಭಾಗದಲ್ಲಿ, ಆಳದಲ್ಲಿ, ಸುಮಾರು 7 ಸೆಂ.ಮೀ. ಉದ್ದ 4 ಸೆಂ.ಮೀ. ಅಗಲದ ಗಟ್ಟಿ ಗಡ್ಡೆ ಕೈಗೆ ಸಿಗುತ್ತದೆ. ಒತ್ತಿದರೆ ನೋವು. ಮೊಣಕಾಲು 70 ಡಿಗ್ರಿ ದಾಟಿ ಬಗ್ಗುವುದಿಲ್ಲ. ಜ್ವರ ಇಲ್ಲ, ತೂಕ ಇಳಿದಿಲ್ಲ. ಮೊದಲ ವಾರ ತೆಗೆದ ಎಕ್ಸ್‌ರೇ ನಾರ್ಮಲ್. ಇಎಸ್‌ಆರ್ (ಉರಿಯೂತ ತೋರಿಸುವ ರಕ್ತಪರೀಕ್ಷೆ) 28. ಆಲ್ಕಲೈನ್ ಫಾಸ್ಫಟೇಸ್ (ಎಲುಬು ಕಟ್ಟುವಾಗ ರಕ್ತದಲ್ಲಿ ಏರುವ ಕಿಣ್ವ) 290, ಪಕ್ಕದಲ್ಲಿ ಲ್ಯಾಬ್‌ನವರು ದಪ್ಪಕ್ಷರದಲ್ಲಿ ‘ಹೈ’ ಎಂದು ಹಾಕಿದ್ದಾರೆ.

ಕಳೆದ ವಾರ ಎಂಆರ್‌ಐ ಆಯಿತು. ವಾಸ್ಟಸ್ ಇಂಟರ್ಮೀಡಿಯಸ್ (ತೊಡೆಯ ಮುಂಭಾಗದ ಆಳದ ಸ್ನಾಯು) ಒಳಗೆ ಅಸಮ ಸಿಗ್ನಲ್‌ನ ಗಡ್ಡೆ, ಸುತ್ತಲೂ ತುಂಬ ಎಡಿಮಾ (ನೀರು ತುಂಬಿದ ಊತ), ತೊಡೆ ಎಲುಬಿನ ಮಜ್ಜೆಯಲ್ಲೂ ಸ್ವಲ್ಪ ಎಡಿಮಾ. ಕೊನೆಯ ಸಾಲು: ‘ಸಾರ್ಕೋಮಾ ಅಲ್ಲವೆಂದು ಹೇಳಲಾಗದು, ಬಯಾಪ್ಸಿ ಸೂಕ್ತ’. ಸಾರ್ಕೋಮಾ ಎಂದರೆ ಎಲುಬು, ಸ್ನಾಯುವಿನಂಥ ಭಾಗಗಳ ಕ್ಯಾನ್ಸರ್. ಮನೆಯವರು ಆ ಒಂದು ಸಾಲು ಓದಿ ಕಂಗಾಲಾಗಿದ್ದಾರೆ. ಬಯಾಪ್ಸಿಗೆ ಮುಂದಿನ ವಾರದ ದಿನ ಗೊತ್ತಾಗಿದೆ.

ನನ್ನ ಅಂದಾಜು ಮಯೋಸೈಟಿಸ್ ಆಸಿಫಿಕನ್ಸ್, ಕ್ಯಾನ್ಸರ್ ಅಲ್ಲ. ಆದರೆ ಅಂದಾಜಿನ ಮೇಲೆ ಬಯಾಪ್ಸಿ ಬೇಡ ಎನ್ನುವುದಕ್ಕೆ ನಾನು ಯಾರು? ಈ ಹಂತದಲ್ಲಿ ಯಾವ ಪರೀಕ್ಷೆ ನಿಜಕ್ಕೂ ಉತ್ತರ ಕೊಡುತ್ತದೆ, ಎಷ್ಟು ದಿನ ಕಾಯುವುದು ಸುರಕ್ಷಿತ, ಆ ಫಾಸ್ಫಟೇಸ್ ಅಂಕಿಗೆ ಎಷ್ಟು ಬೆಲೆ ಕೊಡಬೇಕು, ಇಂಡೊಮೆಥಾಸಿನ್ (ನೋವು, ಉರಿಯೂತಕ್ಕೆ ಕೊಡುವ ಮಾತ್ರೆ) ಈಗ ಶುರು ಮಾಡಿದರೆ ಪ್ರಯೋಜನ ಉಂಟಾ?

---

ಎಕ್ಸ್‌ರೇ_ಕೋಣೆ

ಸೂಜಿ ಚುಚ್ಚುವ ಮೊದಲು ಹೊಸ ಎಕ್ಸ್‌ರೇ ತೆಗೆಸಿ. ಇವತ್ತೇ. ನಾಲ್ಕು ವಾರದ ಗಡ್ಡೆಗೆ ಮೊದಲ ವಾರದ ಎಕ್ಸ್‌ರೇ ಹಿಡಿದುಕೊಂಡು ಎಂಆರ್‌ಐ ರಿಪೋರ್ಟ್ ಬರೆದರೆ ಆ ಕೊನೆಯ ಸಾಲು ಬಂದೇ ಬರುತ್ತದೆ. ಬರೆದವರ ತಪ್ಪಲ್ಲ. ಅವರ ಮುಂದೆ ಇದ್ದದ್ದು ಅಷ್ಟೇ. ಹಳೆ ಎಕ್ಸ್‌ರೇ ಎಸೆಯಬೇಡಿ, ಪೆಟ್ಟು ಬಿದ್ದಾಗ ಎಲುಬಿನಲ್ಲಿ ಏನೂ ಇರಲಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ.

ಈ ರೋಗವನ್ನು ದಿನ ಲೆಕ್ಕ ಹಾಕದೆ ಓದಬಾರದು. ಮೊದಲ ಎರಡು ವಾರ ಎಕ್ಸ್‌ರೇಯಲ್ಲಿ ಊತ ಬಿಟ್ಟರೆ ಎಂತದ್ದೂ ಕಾಣುವುದಿಲ್ಲ. ಮೂರರಿಂದ ಆರನೇ ವಾರದ ನಡುವೆ ಮಸುಕು ಮಸುಕಾಗಿ, ಚದುರಿದ ಹಾಗೆ ಸುಣ್ಣ (ಕ್ಯಾಲ್ಸಿಯಂ) ಕೂರಲು ಶುರು. ಆರರಿಂದ ಎಂಟನೇ ವಾರಕ್ಕೆ ಹೊರ ಅಂಚಿನ ಸುತ್ತ ಸ್ಪಷ್ಟ ಬಿಳಿ ಗೆರೆ. ಆಮೇಲೆ ಗಡ್ಡೆ ಕುಗ್ಗುತ್ತ ಗಟ್ಟಿಯಾಗುತ್ತ ಬರುತ್ತದೆ, ಆರು ತಿಂಗಳ ಹೊತ್ತಿಗೆ ಬಲಿತ ಎಲುಬು. ಹಾಗಾಗಿ ನಿಮ್ಮ ಹುಡುಗ ಈಗ ಎಲ್ಲಕ್ಕಿಂತ ಗೊಂದಲದ ಹೊತ್ತಿನಲ್ಲಿದ್ದಾನೆ.

ನೋಡಬೇಕಾದ್ದು ಸುಣ್ಣ ಇದೆಯಾ ಎಂದಲ್ಲ, ಎಲ್ಲಿ ಇದೆ ಎಂದು. ಮಯೋಸೈಟಿಸ್ ಹೊರಗಿನಿಂದ ಒಳಕ್ಕೆ ಬಲಿಯುತ್ತದೆ: ತೆಂಗಿನಕಾಯಿಯ ಹಾಗೆ ಚಿಪ್ಪು ಗಟ್ಟಿ, ನಡು ಮೆತ್ತಗೆ. ಆಸ್ಟಿಯೋಸಾರ್ಕೋಮಾ (ಎಲುಬಿನ ಕ್ಯಾನ್ಸರ್) ಇದಕ್ಕೆ ತಿರುಗಾ, ನಡುವಿನಲ್ಲಿ ದಟ್ಟ ಬಿಳುಪು, ಅಂಚಿಗೆ ಬಂದ ಹಾಗೆ ಮಸುಕು. ಎರಡನೆಯದು, ಗಡ್ಡೆಗೂ ತೊಡೆ ಎಲುಬಿಗೂ ನಡುವೆ ಕಪ್ಪು ಸಂದು ಉಂಟಾ ನೋಡಿ. ಎಲುಬಿನ ಹೊರಮೈಯಲ್ಲಿ ಏಳುವ ಪರೋಸ್ಟಿಯಲ್ ಆಸ್ಟಿಯೋಸಾರ್ಕೋಮಾ ಎಲುಬಿಗೆ ಅಗಲವಾದ ಬುಡದಿಂದ ಅಂಟಿಕೊಂಡಿರುತ್ತದೆ, ಹೆಚ್ಚಾಗಿ ತೊಡೆ ಎಲುಬಿನ ಕೆಳತುದಿಯ ಹಿಂಭಾಗದಲ್ಲಿ, ಮೊಣಕಾಲಿನ ಹತ್ತಿರ. ಇಲ್ಲಿ ಜನ ಎಡವುವುದು ಒಂದು ಕಾರಣಕ್ಕೆ: ಮುಂದಿನಿಂದ ತೆಗೆದ ಒಂದೇ ಎಕ್ಸ್‌ರೇಯಲ್ಲಿ ಗಡ್ಡೆಯ ನೆರಳು ಎಲುಬಿನ ಮೇಲೆಯೇ ಬಿದ್ದು ಅಂಟಿದ ಹಾಗೆ ಕಾಣುತ್ತದೆ. ಮುಂದಿನಿಂದ, ಪಕ್ಕದಿಂದ, ಜತೆಗೆ ಗಡ್ಡೆಯ ಅಂಚನ್ನು ಸವರಿ ಹೋಗುವ ಓರೆ ಕೋನದಲ್ಲಿ ಒಂದು, ಹೀಗೆ ಮೂರು ಬೇಕು. ಗಡ್ಡೆ ಕೈಗೆ ಸಿಗುವ ಜಾಗದ ಚರ್ಮಕ್ಕೆ ಸಣ್ಣ ಲೋಹದ ಗುರುತು ಅಂಟಿಸಲು ಹೇಳಿ. ಸೊಂಟದ ಕೀಲಿನಿಂದ ಮೊಣಕಾಲಿನವರೆಗೆ ಪೂರ್ತಿ ತೊಡೆ ಬರಲಿ.

ಎಕ್ಸ್‌ರೇಯಲ್ಲಿ ಅಂಚು ಸರಿಯಾಗಿ ಕಾಣದಿದ್ದರೆ ಕಾಂಟ್ರಾಸ್ಟ್ ಇಂಜೆಕ್ಷನ್ ಇಲ್ಲದ ಸಿಟಿ ಸ್ಕ್ಯಾನ್. ಗಡ್ಡೆ ಇರುವಷ್ಟಕ್ಕೆ ಸೀಮಿತ, 1 ಮಿ.ಮೀ. ತೆಳು ಸ್ಲೈಸ್, ಬೋನ್ ವಿಂಡೋ ಮತ್ತು ಸಾಫ್ಟ್ ಟಿಶ್ಯೂ ವಿಂಡೋ ಎರಡರಲ್ಲೂ. ಎಕ್ಸ್‌ರೇಗೆ ಸಿಗದ ತೆಳು ಚಿಪ್ಪು ಸಿಟಿಗೆ ಸಿಗುತ್ತದೆ. ಈ ಒಂದು ಪ್ರಶ್ನೆಗೆ ಎಂಆರ್‌ಐಗಿಂತ ಸಿಟಿಯೇ ಮೇಲು.

ಎಂಆರ್‌ಐ ಯಾಕೆ ಹೆದರಿಸುತ್ತದೆ ಎಂದರೆ, ಮೊದಲ ವಾರಗಳಲ್ಲಿ ಅದಕ್ಕೆ ತೆಳು ಸುಣ್ಣ ಕಾಣುವುದೇ ಇಲ್ಲ, ಎಡಿಮಾ ಮಾತ್ರ ಬೆಂಕಿ ಬಿದ್ದಂತೆ ಹೊಳೆಯುತ್ತದೆ. ಮಜ್ಜೆಯ ಎಡಿಮಾ ಕೂಡ ಇಲ್ಲಿ ಅಪರೂಪವಲ್ಲ. ನಿಜ ಹೇಳಬೇಕಾದರೆ ನೀವು ಬರೆದ ವಿವರದಲ್ಲಿ ನನಗೆ ಸಮಾಧಾನ ಕೊಟ್ಟದ್ದೇ ಆ ‘ತುಂಬ ಎಡಿಮಾ’. ಗಡ್ಡೆಯ ಗಾತ್ರಕ್ಕೆ ಮೀರಿ ಸ್ನಾಯುವಿನಲ್ಲಿ ಎಡಿಮಾ ಹರಡಿದ್ದರೆ ಮಯೋಸೈಟಿಸ್ ಕಡೆಗೆ ಒಲವು ಜಾಸ್ತಿ. ಅದೊಂದರಿಂದಲೇ ತೀರ್ಮಾನ ಬೇಡ.

ರಿಕ್ವೆಸ್ಟ್ ಫಾರ್ಮಿನಲ್ಲಿ ಬರೀ ‘ತೊಡೆ ಗಡ್ಡೆ’ ಎಂದು ಬರೆದು ಕಳುಹಿಸಬೇಡಿ. ಪೆಟ್ಟು ಬಿದ್ದ ತಾರೀಕು, ತಿಕ್ಕಿದ ವಿಷಯ, ‘ಹೊರ ಅಂಚಿನ ಸುಣ್ಣ ಉಂಟಾ, ಎಲುಬಿನಿಂದ ಬೇರೆ ಉಂಟಾ’ ಎಂಬ ಪ್ರಶ್ನೆ, ಇವಿಷ್ಟು ಇರಲಿ. ರಿಪೋರ್ಟಿನ ಗುಣಮಟ್ಟ ಅರ್ಧ ಆ ಕಾಗದದಲ್ಲೇ ಇರುತ್ತದೆ.

---

ಮೂಳೆ_ಮಾತು, ಮಂಗಳೂರು

ಮೇಲಿನ ಉತ್ತರಕ್ಕೆ ನನ್ನ ಸಹಿ. ಸೇರಿಸುವುದು ಇಷ್ಟು.

ಫಾಸ್ಫಟೇಸ್ 290 ಅನ್ನು ಮರೆತುಬಿಡಿ. ಲ್ಯಾಬ್‌ನ ಕಾಗದದಲ್ಲಿ ಅಚ್ಚಾಗಿರುವ 40–130 ದೊಡ್ಡವರ ಲೆಕ್ಕ. ಎಲುಬು ಇನ್ನೂ ಬೆಳೆಯುತ್ತಿರುವ ಹುಡುಗರಲ್ಲಿ 300ರ ಆಸುಪಾಸು ಸಹಜ. ವಿಟಮಿನ್ ಡಿ ಕಡಿಮೆ ಇದ್ದರೂ ಏರುತ್ತದೆ. ದೊಡ್ಡವರಲ್ಲಿ ಪೆಟ್ಟಿನ ಎರಡು ಮೂರು ವಾರದ ಮೇಲೆ ಏರಿ, ಹತ್ತನೇ ವಾರದ ಹೊತ್ತಿಗೆ ತುದಿ ಮುಟ್ಟಿ, ಮತ್ತೆ ಇಳಿಯುತ್ತದೆ ಎಂಬುದು ಸರಿ, ಆದರೆ ಆಸ್ಟಿಯೋಸಾರ್ಕೋಮಾದಲ್ಲೂ ಏರುತ್ತದೆ. ಎರಡನ್ನು ಬೇರೆ ಮಾಡಲಾಗದ ಪರೀಕ್ಷೆಯ ಮೇಲೆ ತಲೆಕೆಡಿಸಿಕೊಂಡು ಎಂತ ಪ್ರಯೋಜನ?

‘ಪೆಟ್ಟು ಬಿದ್ದಿದೆಯಲ್ಲ, ಹಾಗಾಗಿ ಕ್ಯಾನ್ಸರ್ ಅಲ್ಲ’ ಎಂಬ ವಾದವನ್ನೂ ನಂಬಬೇಡಿ. ಆಟ ಆಡುವ ಹುಡುಗನ ತೊಡೆಗೆ ಪೆಟ್ಟು ಬೀಳದ ತಿಂಗಳು ಯಾವುದು? ಸಾರ್ಕೋಮಾ ಇರುವವರೂ ಗಡ್ಡೆ ಕಂಡ ದಿನ ಯಾವುದೋ ಒಂದು ಪೆಟ್ಟನ್ನು ನೆನಪು ಮಾಡಿಕೊಳ್ಳುತ್ತಾರೆ. ಪೆಟ್ಟಿಗೆ ಬೆಲೆ ಬರುವುದು ಅದು ಜೋರಾಗಿದ್ದು, ಮರುದಿನವೇ ಊದಿ, ಗಡ್ಡೆ ಅದೇ ಜಾಗದಲ್ಲಿ ವಾರಗಳ ಲೆಕ್ಕದಲ್ಲಿ ಎದ್ದಿದ್ದರೆ. ಇಲ್ಲಿ ಅದು ಹೊಂದುತ್ತದೆ. ಇದರ ತಿರುಗಾ, ಪೆಟ್ಟೇ ಬೀಳದೆಯೂ ಮಯೋಸೈಟಿಸ್ ಆಗುವುದುಂಟು.

ನನಗೆ ಬೇಕಾದ್ದು ನೋವಿನ ನಡೆ. ಮಯೋಸೈಟಿಸ್‌ನಲ್ಲಿ ಗಡ್ಡೆ ಗಟ್ಟಿಯಾಗುತ್ತ ಬಂದ ಹಾಗೆ ನೋವು ಇಳಿಯುತ್ತದೆ, ಗಾತ್ರ ನಿಲ್ಲುತ್ತದೆ, ಆಮೇಲೆ ಕುಗ್ಗುತ್ತದೆ. ಎಂಟು ವಾರ ದಾಟಿಯೂ ಬೆಳೆಯುತ್ತಿದ್ದರೆ, ರಾತ್ರಿ ನಿದ್ದೆ ಕೆಡಿಸುವ ನೋವು ವಾರದಿಂದ ವಾರಕ್ಕೆ ಏರುತ್ತಿದ್ದರೆ, ಸುಣ್ಣ ನಡುವಿನಿಂದ ಶುರುವಾಗಿದ್ದರೆ, ಎಲುಬಿನ ಹೊರಪದರ ತಿಂದ ಹಾಗಿದ್ದರೆ, ಆಗ ಕಾಯುವ ಮಾತೇ ಇಲ್ಲ. ವಾರಕ್ಕೊಮ್ಮೆ, ಅದೇ ಟೇಪಿನಲ್ಲಿ, ಮಂಡಿಚಿಪ್ಪಿನ ಮೇಲಂಚಿನಿಂದ ಅಳೆದು ಗುರುತಿಟ್ಟ ಅದೇ ಮಟ್ಟದಲ್ಲಿ ಎರಡೂ ತೊಡೆಯ ಸುತ್ತಳತೆ ಬರೆದಿಡಿ. ಈ ಒಂದು ಪುಟ ಅರ್ಧ ರಿಪೋರ್ಟಿಗೆ ಸಮ.

ಇನ್ನೆರಡು ತಪ್ಪಬಾರದ್ದು. ಪೆಟ್ಟಿಗೆ ಹೋಲಿಸಿದರೆ ರಕ್ತ ಕಟ್ಟಿದ್ದು ವಿಪರೀತ ಎನಿಸಿದರೆ ಪಿಟಿ, ಎಪಿಟಿಟಿ (ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳು) ಮಾಡಿಸಿ. ಸೌಮ್ಯ ಹಿಮೋಫೀಲಿಯಾ (ರಕ್ತ ಬೇಗ ಹೆಪ್ಪುಗಟ್ಟದ ರೋಗ) ಮೊದಲ ಸಲ ಹೀಗೆ ಹೊರಬೀಳುವುದುಂಟು, ಸೂಜಿ ಚುಚ್ಚುವ ಮೊದಲು ಅದು ಗೊತ್ತಿರಬೇಕು. ಇನ್ನೊಂದು, ಜ್ವರ ಬಂದರೆ ಕತೆಯೇ ಬೇರೆ. ನಮ್ಮ ಕಡೆ ಸ್ನಾಯುವಿನೊಳಗೆ ಕೀವು ತುಂಬುವ ಪಯೋಮಯೋಸೈಟಿಸ್ ತೊಡೆಯಲ್ಲೇ ಜಾಸ್ತಿ, ಸ್ಟ್ಯಾಫಿಲೊಕಾಕಸ್ ಆರಿಯಸ್ ಮಾಡುವುದು. ಅಲ್ಟ್ರಾಸೌಂಡ್ ಹತ್ತು ನಿಮಿಷದಲ್ಲಿ ಹೇಳುತ್ತದೆ.

ಇಂಡೊಮೆಥಾಸಿನ್: ಅದು ಎಲುಬು ಹುಟ್ಟದಂತೆ ತಡೆಯುವ ಔಷಧಿ, ಹುಟ್ಟಿದ್ದನ್ನು ಕರಗಿಸುವುದಲ್ಲ. ಸೊಂಟದ ಕೀಲಿನ ಆಪರೇಷನ್ ಆದವರಲ್ಲಿ ಉಪಯೋಗ ಚೆನ್ನಾಗಿ ಕಂಡಿದೆ. ತೊಡೆ ಪೆಟ್ಟಿನಲ್ಲಿ ಅದರ ಆಧಾರ ಅಷ್ಟು ಗಟ್ಟಿಯಲ್ಲ. ಕೊಡುವವರು ಮೊದಲ ದಿನಗಳಲ್ಲೇ 25 ಮಿ.ಗ್ರಾಂ. ದಿನಕ್ಕೆ ಮೂರು ಸಲ, ಊಟದ ಮೇಲೆ, ಹೊಟ್ಟೆಗೆ ಪ್ಯಾಂಟೊಪ್ರಜೋಲ್ ಜೊತೆ, ಎರಡರಿಂದ ಆರು ವಾರ ಕೊಡುತ್ತಾರೆ. ನಾಲ್ಕು ವಾರ ಕಳೆದ ಮೇಲೆ ಶುರು ಮಾಡುವುದರಲ್ಲಿ ನನಗೆ ನಂಬಿಕೆ ಇಲ್ಲ. ಮಳೆಗಾಲದಲ್ಲಿ ಇನ್ನೂ ಜಾಗ್ರತೆ: ಜ್ವರ ಬಂದ ಕೂಡಲೇ ನಿಲ್ಲಿಸಿ ಪ್ಲೇಟ್‌ಲೆಟ್ ನೋಡಬೇಕು, ಡೆಂಗೆ ಇದ್ದು ಈ ಗುಂಪಿನ ಮಾತ್ರೆ ಹೊಟ್ಟೆಯಲ್ಲಿದ್ದರೆ ರಕ್ತಸ್ರಾವಕ್ಕೆ ದಾರಿ. ಚೀಟಿ ಇಲ್ಲದೆ ಮೆಡಿಕಲ್‌ನಿಂದ ತಂದು ನುಂಗಿಸುವ ಮಾತ್ರೆ ಇದಲ್ಲ.

ಆಪರೇಷನ್ ಈಗ ಕೇಳಲೇ ಬೇಡಿ. ಬಲಿಯದ ಗಡ್ಡೆ ತೆಗೆದರೆ ಅದೇ ಜಾಗದಲ್ಲಿ, ಮೊದಲಿಗಿಂತ ದೊಡ್ಡದಾಗಿಯೇ ಮರಳಬಹುದು. ಬಲಿತ ಮೇಲೆ, ಅಂದರೆ ಆರರಿಂದ ಹನ್ನೆರಡು ತಿಂಗಳು ಬಿಟ್ಟು, ಆಗಲೂ ಕಾಲು ಬಗ್ಗದಿದ್ದರೆ ಅಥವಾ ನರ ಒತ್ತುತ್ತಿದ್ದರೆ ಮಾತ್ರ. ಹೆಚ್ಚಿನವರಿಗೆ ಬೇಕಾಗುವುದಿಲ್ಲ. ಎಲುಬು ಒಳಗೆ ಇದ್ದುಕೊಂಡೇ ಆಡುವವರು ಬೇಕಾದಷ್ಟು ಜನ ಇದ್ದಾರೆ.

---

ಸ್ಲೈಡ್_ಗಾಜು, ಮಣಿಪಾಲ

ಬಯಾಪ್ಸಿ ಬೇಕಾ ಎಂಬ ಪ್ರಶ್ನೆಗೆ ಮೈಕ್ರೋಸ್ಕೋಪಿನ ಕಡೆಯಿಂದ ಉತ್ತರ.

ನಾಲ್ಕನೇ ವಾರದ ಗಡ್ಡೆಯ ನಡುವಿನಿಂದ ಒಂದು ತುಣುಕು ತೆಗೆದು ಗಾಜಿನ ಮೇಲೆ ಇಟ್ಟರೆ ಕಾಣುವುದು ಇದು: ಒತ್ತೊತ್ತಾಗಿ ತುಂಬಿದ, ಉಬ್ಬಿದ ನ್ಯೂಕ್ಲಿಯಸ್ಸಿನ ಕದಿರಾಕಾರದ ಜೀವಕೋಶಗಳು, ಕಣ್ಣು ಹಾಯಿಸಿದಲ್ಲೆಲ್ಲ ವಿಭಜನೆ, ನಡುನಡುವೆ ರಕ್ತ, ಅಲ್ಲಲ್ಲಿ ಗುಲಾಬಿ ಬಣ್ಣದ ಆಸ್ಟಿಯಾಯ್ಡ್ (ಇನ್ನೂ ಸುಣ್ಣ ಕೂರದ ಎಲುಬಿನ ವಸ್ತು) ಎಳೆ. ವಯಸ್ಸು 16, ತೊಡೆ, ಆಸ್ಟಿಯಾಯ್ಡ್. ಬೇರೆ ಯಾವ ಮಾಹಿತಿಯೂ ಇಲ್ಲದೆ ಇದನ್ನು ಕೈಗೆ ಕೊಟ್ಟರೆ ‘ಆಸ್ಟಿಯೋಸಾರ್ಕೋಮಾ’ ಎಂಬ ಪದ ತಾನಾಗಿ ಬಾಯಿಗೆ ಬರುತ್ತದೆ. ತಪ್ಪಿದ ಕೇಸುಗಳು ಹೆಚ್ಚಾಗಿ ಹೀಗೆಯೇ ತಪ್ಪುವುದು.

ರೋಗಶಾಸ್ತ್ರಜ್ಞ ಅಕರ್‌ಮನ್ 1958ರಲ್ಲಿ ವಿವರಿಸಿದ ವಲಯ ಲಕ್ಷಣವೇ ಇವತ್ತಿಗೂ ನಮ್ಮ ಆಧಾರ: ಒಳಗೆ ಎಳೆ ಜೀವಕೋಶ, ನಡು ವಲಯದಲ್ಲಿ ಆಸ್ಟಿಯಾಯ್ಡ್ ಮತ್ತು ಎಳೆ ಎಲುಬು, ಹೊರಗೆ ಬಲಿತ ಎಲುಬು. ಮೂರನ್ನೂ ಒಂದೇ ತುಣುಕಿನಲ್ಲಿ, ಕ್ರಮವಾಗಿ ನೋಡಿದರೆ ಮಾತ್ರ ಅದು ಅರ್ಥ ಕೊಡುತ್ತದೆ. ಚೂರುಚೂರಾಗಿ ಬಂದ ಬಯಾಪ್ಸಿಯಲ್ಲಿ ಯಾವುದು ಹೊರಗಿನದು ಯಾವುದು ಒಳಗಿನದು ಎಂದು ಹೇಳುವುದು ಹೇಗೆ? ಎಫ್‌ಎನ್‌ಎಸಿ (ತೆಳು ಸೂಜಿಯ ಪರೀಕ್ಷೆ) ಅಂತೂ ಬೇಡವೇ ಬೇಡ. ಅದು ಒಳಗಿನ ಎಳೆ ಕೋಶಗಳನ್ನಷ್ಟೇ ಹೀರಿ ತಂದು ಹೆದರಿಸುತ್ತದೆ.

ಇಷ್ಟರ ಮೇಲೂ ಬಯಾಪ್ಸಿ ಅನಿವಾರ್ಯ ಆದರೆ:

ಸೂಜಿ ಹೋಗುವ ದಾರಿಯನ್ನು ಮುಂದೆ ಆಪರೇಷನ್ ಮಾಡಬೇಕಾಗಿ ಬಂದರೆ ಮಾಡುವ ಸರ್ಜನ್ನೇ ಗೊತ್ತು ಮಾಡಬೇಕು. ನಿಜವಾಗಿ ಸಾರ್ಕೋಮಾ ಆಗಿದ್ದರೆ ಆ ದಾರಿಯನ್ನೂ ಗಡ್ಡೆಯ ಜೊತೆ ಕತ್ತರಿಸಿ ತೆಗೆಯಬೇಕಾಗುತ್ತದೆ. ಆದ್ದರಿಂದ ಎಲುಬಿನ ಕ್ಯಾನ್ಸರ್ ನೋಡುವ ತಂಡ ಇರುವ ಕಡೆಯೇ ಆಗಲಿ, ಇಲ್ಲಿನ ಮೆಡಿಕಲ್ ಕಾಲೇಜು ಅಥವಾ ಬೆಂಗಳೂರಿನ ಕಿದ್ವಾಯಿ. ತುಣುಕು ತೆಗೆಯುವ ದಪ್ಪ ಕೋರ್ ಸೂಜಿ ಅಂಚಿನಿಂದ ನಡುವಿನವರೆಗೆ ಹೋಗಲಿ, ಬರೀ ನಡುವಿನಿಂದ ಬೇಡ. ಫಾರ್ಮಿನಲ್ಲಿ ಪೆಟ್ಟಿನ ತಾರೀಕು, ಜೊತೆಗೆ ಎಕ್ಸ್‌ರೇ ಮತ್ತು ಸಿಟಿಯ ಸಿಡಿ. ಚಿತ್ರ ನೋಡದೆ ಎಲುಬಿನ ಬಯಾಪ್ಸಿ ರಿಪೋರ್ಟ್ ಮಾಡುವುದು ನಮ್ಮ ಕಡೆಯ ದೊಡ್ಡ ದೋಷ.

ಸಂಶಯ ಉಳಿದರೆ ಯುಎಸ್‌ಪಿ6 ಜೀನ್‌ನ ಮರುಜೋಡಣೆಗೆ ಫಿಶ್ ಪರೀಕ್ಷೆ (ಹೊಳೆಯುವ ಬಣ್ಣದಿಂದ ಜೀನ್ ಗುರುತಿಸುವುದು) ಮಾಡಿಸಬಹುದು. ಬಹಳಷ್ಟು ಮಯೋಸೈಟಿಸ್ ಆಸಿಫಿಕನ್ಸ್‌ನಲ್ಲಿ ಅದು ಇರುತ್ತದೆ, ಮಾಮೂಲಿ ಆಸ್ಟಿಯೋಸಾರ್ಕೋಮಾದಲ್ಲಿ ಇರುವುದಿಲ್ಲ. ಅನ್ಯೂರಿಸ್ಮಲ್ ಬೋನ್ ಸಿಸ್ಟ್ ಮತ್ತು ನೋಡ್ಯುಲರ್ ಫೇಶಿಯೈಟಿಸ್ ಎಂಬ ಕ್ಯಾನ್ಸರ್ ಅಲ್ಲದ ಗಡ್ಡೆಗಳಲ್ಲೂ ಇರುತ್ತದೆ, ಅದು ನೆನಪಿರಲಿ. ನೆಗೆಟಿವ್ ಬಂದರೆ ಮಯೋಸೈಟಿಸ್ ಅಲ್ಲ ಎಂದೂ ಅರ್ಥವಲ್ಲ. ಇಲ್ಲಿ ಒಂದು ಸಣ್ಣ ಕೆಲಸ ತಪ್ಪಿದರೆ ಪರೀಕ್ಷೆಯೇ ಹಾಳು: ಗಟ್ಟಿ ತುಣುಕನ್ನು ಮೆತ್ತಗೆ ಮಾಡಲು ಜೋರಾದ ಆಸಿಡ್‌ನಲ್ಲಿ ಇಟ್ಟರೆ ಡಿಎನ್‌ಎ ಸತ್ತುಹೋಗುತ್ತದೆ. ಮೆತ್ತನೆಯ ಭಾಗವನ್ನು ಬೇರೆ ಬ್ಲಾಕ್ (ಮೇಣದ ಅಚ್ಚು) ಮಾಡಿ ಆಸಿಡ್‌ಗೆ ಹಾಕದೆ ಉಳಿಸಲು, ಗಟ್ಟಿ ಭಾಗಕ್ಕೆ ಸುಣ್ಣವನ್ನು ಮೆಲ್ಲ ತೆಗೆಯುವ ಇಡಿಟಿಎ ದ್ರಾವಣ ಬಳಸಲು ಮೊದಲೇ ಹೇಳಿ. ಆಮೇಲೆ ಹೇಳಿದರೆ ಆಗುವುದಿಲ್ಲ.

---

ಉಡುಪಿ_ಫಿಸಿಯೋ

ಎಲ್ಲರಿಗೂ ಉಪಕಾರ. ಎಕ್ಸ್‌ರೇ ಮೂರು ಕೋನದಲ್ಲಿ ಆಯಿತು, ಮಸುಕು ಸುಣ್ಣ ಉಂಟು, ಅಂಚು ಸ್ಪಷ್ಟ ಇಲ್ಲ. ಹಾಗಾಗಿ ಸಿಟಿಯೂ ಆಯಿತು. ಹೊರಗಿನ ಮುಕ್ಕಾಲು ಸುತ್ತಿಗೆ ತೆಳು ಸುಣ್ಣದ ಗೆರೆ, ನಡು ಖಾಲಿ. ತೊಡೆ ಎಲುಬಿಗೂ ಗಡ್ಡೆಗೂ ನಡುವೆ 2 ಮಿ.ಮೀ. ಸಂದು. ಆದರೆ ಎಲುಬಿನ ಕಡೆಯ ಅಂಚಿನಲ್ಲಿ ಗೆರೆ ಪೂರ್ತಿ ಇಲ್ಲ. ಮನೆಯವರ ಪ್ರಶ್ನೆ: ಪೂರ್ತಿ ಇಲ್ಲ ಎಂದರೆ ಸಂಶಯವೇ ತಾನೇ?

---

ಎಕ್ಸ್‌ರೇ_ಕೋಣೆ

ಇಲ್ಲ. ಐದನೇ ವಾರಕ್ಕೆ ಗೆರೆ ಅಲ್ಲಲ್ಲಿ ಕಡಿದಿರುವುದು ಇದ್ದದ್ದೇ. ಎಲ್ಲ ಕಡೆ ಒಂದೇ ವೇಗದಲ್ಲಿ ಸುಣ್ಣ ಕೂರುವುದಿಲ್ಲ. ಮುಕ್ಕಾಲು ಸುತ್ತಿನ ಅಂಚು, ಖಾಲಿ ನಡು, ಎಲುಬಿನ ಹೊರಪದರ ಸಮ, ಸಂದು ಉಂಟು. ಸರ್ಜನ್ ಒಪ್ಪಿದರೆ ಬಯಾಪ್ಸಿ ಮುಂದೂಡಿ, ಮೂರು ವಾರಕ್ಕೆ ಅದೇ ಮೂರು ಕೋನದ ಎಕ್ಸ್‌ರೇ ಸಾಕು, ಸಿಟಿ ಮತ್ತೆ ಬೇಡ. ಆಗ ಗೆರೆ ದಪ್ಪವಾಗಿರಬೇಕು, ಗಡ್ಡೆ ಅಷ್ಟೇ ಅಥವಾ ಸಣ್ಣ ಆಗಿರಬೇಕು. ದೊಡ್ಡದಾಗಿದ್ದರೆ, ಅಥವಾ ನಡುವಿನಲ್ಲಿ ಬಿಳುಪು ತುಂಬಿ ಅಂಚು ಅಳಿಸಿಹೋಗಿದ್ದರೆ, ಅದೇ ದಿನ ಸರ್ಜನ್‌ಗೆ ಫೋನ್. ಎಂಆರ್‌ಐ ಮಾಡಿದವರಿಗೂ ಸಿಟಿ ತೋರಿಸಿ, ಹೆಚ್ಚುವರಿ ರಿಪೋರ್ಟ್ ಬರೆದು ಕೊಡುತ್ತಾರೆ. ಮನೆಯವರ ಫೈಲಿನಲ್ಲಿ ಆ ಹಳೆಯ ಸಾಲು ಒಂದೇ ಉಳಿಯುವುದು ಬೇಡ.

---

ಮುಲ್ಕಿ_ಕೋಚ್

ಡಾಕ್ಟ್ರುಗಳು ಮಾತಾಡಿ ಆಯಿತಲ್ಲ, ಮೈದಾನದವರ ಪ್ರಶ್ನೆಯೊಂದು. ಪೆಟ್ಟು ಬಿದ್ದ ಕೂಡಲೇ ನಾವು ಎಂತ ಮಾಡಬೇಕು? ಎಣ್ಣೆ ತಿಕ್ಕಿದ್ದೇ ತಪ್ಪು ಎನ್ನುವ ಹಾಗೆ ಉಂಟು ನಿಮ್ಮ ಮಾತು, ನಮ್ಮ ಕಡೆ ತಿಕ್ಕಿಯೇ ಎಷ್ಟೋ ಜನ ಗುಣ ಆಗಿದ್ದಾರೆ ಮಾರಾಯ್ರೆ.

---

ಉಡುಪಿ_ಫಿಸಿಯೋ

ಕೋಚರೇ, ತಿಕ್ಕದಿದ್ದರೂ ಅವರಲ್ಲಿ ಹೆಚ್ಚಿನವರು ಗುಣ ಆಗುತ್ತಿದ್ದರು, ಯಾಕೆಂದರೆ ಸಣ್ಣ ಪೆಟ್ಟು ತಾನಾಗಿ ಆರುತ್ತದೆ. ತೊಂದರೆ ದೊಡ್ಡ ಪೆಟ್ಟಿನಲ್ಲಿ. ಎಲುಬಿಗೂ ಎದುರಿನವನ ಮೊಣಕಾಲಿಗೂ ನಡುವೆ ಸ್ನಾಯು ಜಜ್ಜಿ ಆಳದಲ್ಲಿ ರಕ್ತ ಕಟ್ಟಿರುತ್ತದೆ. ತಿಕ್ಕಿದರೆ, ಶಾಖ ಕೊಟ್ಟರೆ, ಒತ್ತಿ ಬಗ್ಗಿಸಿದರೆ ಕಟ್ಟಿದ ರಕ್ತನಾಳ ಮತ್ತೆ ಬಿಚ್ಚುತ್ತದೆ, ಸ್ನಾಯು ಎರಡನೇ ಸಲ ಹರಿಯುತ್ತದೆ. ರಿಪೇರಿಗೆ ಬಂದ ಮೂಲಕೋಶಗಳು ಅಲ್ಲಿನ ಉರಿಯೂತದ ಸಂಕೇತ ಸಿಕ್ಕಿ ಸ್ನಾಯು ಕಟ್ಟುವ ಬದಲು ಎಲುಬು ಕಟ್ಟುವ ದಾರಿ ಹಿಡಿಯುತ್ತವೆ. ಎಣ್ಣೆಯದ್ದೇನೂ ತಪ್ಪಿಲ್ಲ, ತಿಕ್ಕುವ ಕೈಯದ್ದು.

ಪೆಟ್ಟು ಬಿದ್ದವನನ್ನು ಆ ದಿನ ಮತ್ತೆ ಮ್ಯಾಟಿಗೆ ಇಳಿಸಬೇಡಿ. ಇದೊಂದೇ ಮಾಡಿದರೂ ಅರ್ಧ ಗೆದ್ದ ಹಾಗೆ. ಹತ್ತು ನಿಮಿಷದೊಳಗೆ, ತೊಡೆ ಬಿಗಿಯುವ ಮೊದಲು, ಮೊಣಕಾಲನ್ನು ನೋವು ಬಿಡುವಷ್ಟು ಮೆಲ್ಲ 120 ಡಿಗ್ರಿವರೆಗೆ ಮಡಚಿ, ತೊಡೆ ಮತ್ತು ಕಣಕಾಲು ಸೇರಿಸಿ ಎಲಾಸ್ಟಿಕ್ ಬ್ಯಾಂಡೇಜಿನಿಂದ ಎಂಟರ ಆಕಾರದಲ್ಲಿ ಸುತ್ತಿ. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಆಟಗಾರರಲ್ಲಿ ಬಳಸಿ ರೂಢಿಗೆ ಬಂದ ಕ್ರಮ ಇದು. ಮಡಚಿದಾಗ ಮುಂದಿನ ಸ್ನಾಯು ಎಳೆದು ನಿಲ್ಲುತ್ತದೆ, ಒಳಗೆ ರಕ್ತ ತುಂಬಲು ಜಾಗ ಕಡಿಮೆ. 24 ಗಂಟೆ ಹಾಗೇ, ಓಡಾಟಕ್ಕೆ ಊರುಗೋಲು. ಬಟ್ಟೆಯಲ್ಲಿ ಸುತ್ತಿದ ಐಸ್ 20 ನಿಮಿಷ, ಎರಡು ಮೂರು ಗಂಟೆಗೊಮ್ಮೆ. ಪಾದ ತಣ್ಣಗಾದರೆ, ಜೋಮು ಹಿಡಿದರೆ, ಬೆರಳು ಅಲುಗಿಸಿದರೂ ತಡೆಯಲಾಗದ ನೋವಿದ್ದರೆ, ತೊಡೆ ಕಲ್ಲಿನಷ್ಟು ಬಿಗಿದರೆ ಬ್ಯಾಂಡೇಜ್ ಬಿಚ್ಚಿ ನೇರ ಎಮರ್ಜೆನ್ಸಿಗೆ. ಅದು ಕಂಪಾರ್ಟ್‌ಮೆಂಟ್ ಸಿಂಡ್ರೋಮ್, ಒಳಗಿನ ಒತ್ತಡ ಏರಿ ಸ್ನಾಯುವಿಗೆ ರಕ್ತ ಹರಿಯದಿರುವುದು, ಗಂಟೆಗಳ ಲೆಕ್ಕ.

ಎರಡನೇ ದಿನ ಬಿಚ್ಚಿ ಅಳೆಯಿರಿ. ಮೊಣಕಾಲು 90 ಡಿಗ್ರಿ ದಾಟಿ ಬಗ್ಗಿದರೆ ಸೌಮ್ಯ, 45ರಿಂದ 90 ಮಧ್ಯಮ, 45ಕ್ಕಿಂತ ಕಡಿಮೆ ತೀವ್ರ. ತೀವ್ರದಲ್ಲೇ ಎಲುಬು ಆಗುವ ಅಪಾಯ ಹೆಚ್ಚು. ಆಮೇಲಿನ ನಿಯಮ ಒಂದೇ, ಬಗ್ಗಿಸುವುದು ಅವನ ಸ್ವಂತ ಸ್ನಾಯುವಿನ ಬಲದಿಂದ, ನೋವಿನ ಗೆರೆಯ ಈಚೆ. ಬೇರೆಯವರು ಕೂತು ಒತ್ತುವಂತಿಲ್ಲ. ತೊಡೆ ಬಿಗಿಹಿಡಿದು ಬಿಡುವುದು ಹತ್ತತ್ತು ಸಲ, ಹೊಟ್ಟೆ ಮೇಲೆ ಮಲಗಿ ಹಿಮ್ಮಡಿಯನ್ನು ತಾನೇ ಎತ್ತುವುದು, 90 ಡಿಗ್ರಿ ಬಂದ ಮೇಲೆ ಲೋಡ್ ಇಲ್ಲದ ಸೈಕಲ್. ಬೆಳಿಗ್ಗೆ ಬಗ್ಗುವಷ್ಟು ಸಂಜೆ ಬಗ್ಗದಿದ್ದರೆ ಆ ದಿನ ಜಾಸ್ತಿ ಆಯಿತು ಎಂದರ್ಥ, ಮರುದಿನ ಅರ್ಧಕ್ಕೆ ಇಳಿಸಿ. ಕ್ಲಿನಿಕ್‌ನ ಅಲ್ಟ್ರಾಸೌಂಡ್ ಚಿಕಿತ್ಸೆ, ಹಾಟ್ ಪ್ಯಾಕ್ ಮೊದಲ ವಾರಗಳಲ್ಲಿ ಬೇಡ. ಇದನ್ನು ನನ್ನ ವೃತ್ತಿಯವರಿಗೂ ಹೇಳುತ್ತಿದ್ದೇನೆ.

ಮತ್ತೆ ಆಡುವುದು ಯಾವಾಗ ಎಂದು ತಾರೀಕು ಕೇಳಬೇಡಿ. ಒತ್ತಿದರೆ ನೋವಿಲ್ಲ, ಇನ್ನೊಂದು ಕಾಲಿನಷ್ಟೇ ಬಗ್ಗುತ್ತದೆ, ಬಲ ಹತ್ತರಲ್ಲಿ ಒಂಬತ್ತು ಪಾಲು ಬಂದಿದೆ, ಒಂಟಿ ಕಾಲಲ್ಲಿ ಹಾರಿ ಇಳಿಯುತ್ತಾನೆ, ಆಗ. ಕನಿಷ್ಠ ಮೂರು ತಿಂಗಳು ತೊಡೆಗೆ ಪ್ಯಾಡ್. ಅದೇ ಜಾಗಕ್ಕೆ ಎರಡನೇ ಪೆಟ್ಟು ಬಿದ್ದರೆ ಎಲ್ಲ ಮೊದಲಿನಿಂದ.

---

ಮೂಳೆ_ಮಾತು, ಮಂಗಳೂರು

ತೊಡೆಗಿಂತ ಮೊಣಕೈ ಇನ್ನೂ ಕೆಟ್ಟದ್ದು, ಆ ಬಗ್ಗೆ ಒಂದು ಮಾತು. ಮರದಿಂದಲೋ ಸೈಕಲ್‌ನಿಂದಲೋ ಬಿದ್ದು ಮೊಣಕೈ ಕೀಲು ತಪ್ಪಿದ, ಅಥವಾ ಅದರ ಮೇಲ್ಗಡೆ ಎಲುಬು ಮುರಿದ ಮಕ್ಕಳಿಗೆ ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ನೇರ ಆಗುವುದಿಲ್ಲ. ಅದು ನಿರೀಕ್ಷಿತ, ತಿಂಗಳುಗಟ್ಟಲೆ ಹಿಡಿಯುತ್ತದೆ. ಆಗ ಎಣ್ಣೆ ತಿಕ್ಕಿಸುವುದು, ನೀರು ತುಂಬಿದ ಬಕೆಟ್ ಹಿಡಿಸಿ ನಿಲ್ಲಿಸುವುದು ಮನೆಮನೆಯ ಚಿಕಿತ್ಸೆ. ಕೀಲಿನ ಮುಂದೆಯೇ ಇರುವ ಬ್ರೇಕಿಯಾಲಿಸ್ ಸ್ನಾಯುವಿನಲ್ಲಿ ಎಲುಬು ಕಟ್ಟಿ, ಹಿಂದೆ ತಾನಾಗಿ ಸರಿಯಾಗುತ್ತಿದ್ದ ಕೈ ಈಗ ಶಾಶ್ವತ ಬಿಗಿ. ಮಗು ತನ್ನ ಪಾಡಿಗೆ ಆಡಲಿ, ಊಟ ಮಾಡಲಿ, ತಲೆ ಬಾಚಿಕೊಳ್ಳಲಿ. ಅದೇ ವ್ಯಾಯಾಮ.

---

ಕಾಪು_ನರ್ಸ್

ಇದಕ್ಕೆ ಹತ್ತಿರದ ಇನ್ನೊಂದು ಸಂಶಯ. ನಾಲ್ಕು ವರ್ಷದ ಮಗು, ಯಾವ ಪೆಟ್ಟೂ ಇಲ್ಲದೆ ಬೆನ್ನಿನ ಮೇಲೆ, ಕುತ್ತಿಗೆಯ ಹಿಂದೆ ಗಡ್ಡೆ ಏಳುತ್ತದೆ, ಕೆಲವು ವಾರಕ್ಕೆ ಗಟ್ಟಿಯಾಗಿ ಉಳಿಯುತ್ತದೆ. ಕುತ್ತಿಗೆ ತಿರುಗಿಸುವುದು ಕಡಿಮೆ ಆಗಿದೆ. ಇದೂ ಮಯೋಸೈಟಿಸ್ ಆಸಿಫಿಕನ್ಸೇ? ಬಯಾಪ್ಸಿಗೆ ಕಳುಹಿಸಿದ್ದಾರೆ.

---

ಮಕ್ಕಳ_ಡಾಕ್ಟರ್, ಉಡುಪಿ

ಸಿಸ್ಟರ್, ಬಯಾಪ್ಸಿ ನಿಲ್ಲಿಸಲು ಈಗಲೇ ಫೋನ್ ಮಾಡಿ, ಆಮೇಲೆ ಓದಿ.

ಮಗುವಿನ ಚಪ್ಪಲಿ ಕಳಚಿ ಎರಡೂ ಕಾಲಿನ ಹೆಬ್ಬೆರಳು ನೋಡಿ. ಹುಟ್ಟಿನಿಂದಲೇ ಗಿಡ್ಡ ಇದ್ದು ಎರಡನೇ ಬೆರಳಿನ ಕಡೆ ವಾಲಿದ್ದರೆ ಇದು ಫೈಬ್ರೊಡಿಸ್‌ಪ್ಲೇಶಿಯಾ ಆಸಿಫಿಕನ್ಸ್ ಪ್ರೊಗ್ರೆಸಿವಾ, ಎಫ್‌ಒಪಿ, ಆಗಿರುವ ಸಾಧ್ಯತೆ ತುಂಬ. ಪೆಟ್ಟಿನ ಮಯೋಸೈಟಿಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಇದು ಎಸಿವಿಆರ್1 ಜೀನ್‌ನ ದೋಷ, 2006ರಲ್ಲಿ ಗುರುತಾಯಿತು, ಹೆಚ್ಚಿನವರಲ್ಲಿ ಆರ್206ಎಚ್ ಎಂಬ ಒಂದೇ ಬದಲಾವಣೆ. ಹತ್ತು ಲಕ್ಷದಲ್ಲಿ ಒಬ್ಬರಿಗಿಂತ ಹೆಚ್ಚಿಲ್ಲದಷ್ಟು ಅಪರೂಪ, ಆದ್ದರಿಂದ ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ. ಕತ್ತರಿಸಿದ, ಚುಚ್ಚಿದ, ಜಜ್ಜಿದ ಜಾಗದಲ್ಲಿ ಹೊಸ ಎಲುಬು ಏಳಬಹುದು ಮತ್ತು ಅದು ಹಿಂದೆ ಹೋಗುವುದಿಲ್ಲ. ಬಯಾಪ್ಸಿ ಮಾಡಿದರೆ ರೋಗ ಗೊತ್ತಾಗುವುದಿಲ್ಲ, ಹೆಚ್ಚಾಗುತ್ತದೆ.

ಖಚಿತ ಮಾಡಲು ರಕ್ತ ಸಾಕು: ಇಡಿಟಿಎ ಟ್ಯೂಬಿನಲ್ಲಿ 2 ಮಿ.ಲೀ., ಎಸಿವಿಆರ್1 ಜೀನ್ ಪರೀಕ್ಷೆಗೆ. ತೋಳಿನ ರಕ್ತನಾಳದಿಂದ ತೆಗೆಯುವುದಕ್ಕೆ ಅಡ್ಡಿ ಇಲ್ಲ, ಸ್ನಾಯುವಿಗೆ ಸೂಜಿ ತಾಗಬಾರದು ಅಷ್ಟೇ. ರಿಪೋರ್ಟ್ ಬರುವವರೆಗೆ ಸ್ನಾಯುವಿಗೆ ಯಾವ ಇಂಜೆಕ್ಷನ್ನೂ ಬೇಡ. ಬಾಕಿ ಇರುವ ಲಸಿಕೆಯನ್ನು ಅಂಗನವಾಡಿಯಲ್ಲಿ ಮಾಮೂಲಿನಂತೆ ಹಾಕಿಸಬೇಡಿ, ಚರ್ಮದ ಕೆಳಗೆ ಕೊಡಬಹುದಾದದ್ದು ಯಾವುದು ಎಂದು ಮೊದಲು ಕೇಳಿ. ಹಲ್ಲು ಕೀಳುವಾಗ ದವಡೆಗೆ ಕೊಡುವ ಅರಿವಳಿಕೆ ಚುಚ್ಚುಮದ್ದೂ ಅಪಾಯ, ಬಾಯಿ ತೆರೆಯಲಾಗದೆ ಹೋಗಬಹುದು. ಮಸಾಜ್, ಎಳೆದು ಮಾಡಿಸುವ ಫಿಸಿಯೋಥೆರಪಿ ನಿಲ್ಲಿಸಿ.

ಹೊಸ ಗಡ್ಡೆ ಎದ್ದ ಮೊದಲ 24 ಗಂಟೆಯೊಳಗೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ ಕಿಲೋಗೆ 2 ಮಿ.ಗ್ರಾಂ., ನಾಲ್ಕು ದಿನ ಕೊಡುವ ಕ್ರಮ ಉಂಟು, ಮುಖ್ಯವಾಗಿ ದವಡೆ ಮತ್ತು ಕೈಕಾಲಿನ ದೊಡ್ಡ ಕೀಲಿನ ಹತ್ತಿರ ಎದ್ದರೆ. ಬೆನ್ನಿನದ್ದಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ಪಾಲೊವರೋಟೀನ್ ಎಂಬ ಮಾತ್ರೆಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಆದರೆ ಹೆಣ್ಣುಮಕ್ಕಳಿಗೆ 8, ಗಂಡುಮಕ್ಕಳಿಗೆ 10 ವರ್ಷ ತುಂಬಿರಬೇಕು, ಎಲುಬಿನ ಬೆಳವಣಿಗೆಯನ್ನು ಮೊದಲೇ ನಿಲ್ಲಿಸಿಬಿಡುವ ಅಪಾಯ ಇರುವುದರಿಂದ. ಈ ಮಗುವಿಗೆ ಅನ್ವಯಿಸುವುದಿಲ್ಲ.

ಹೆಬ್ಬೆರಳಿನ ಎಕ್ಸ್‌ರೇ ಒಂದು ತೆಗೆಸಿ, ಪಾದ ಎರಡೂ ಒಂದೇ ಫಿಲ್ಮಿನಲ್ಲಿ. ಫೈಲಿನ ಮೇಲ್ಪುಟದಲ್ಲಿ ಕೆಂಪಕ್ಷರದಲ್ಲಿ ‘ಸ್ನಾಯುವಿಗೆ ಇಂಜೆಕ್ಷನ್ ಕೊಡಬೇಡಿ, ಬಯಾಪ್ಸಿ ಮಾಡಬೇಡಿ’ ಎಂದು ಬರೆದು, ತಾಯಿಯ ಫೋನಿನಲ್ಲೂ ಅದರ ಫೋಟೋ ಇರಲಿ. ಮಗುವನ್ನು ಮಣಿಪಾಲದ ಜೆನೆಟಿಕ್ಸ್ ಒಪಿಡಿಗೆ ಕಳುಹಿಸಿ.